ದೊಡ್ಡ ರಜೆಯಲ್ಲಿ ಮಗನ ಕನ್ನಡ ಓದು ನಿಂತುಹೋಗದ ಹಾಗೆ ಏನು ಮಾಡಲಿ?

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ಮನೆಯಲ್ಲಿ ಮಾತಾಡುವುದು ತುಳು. ಮಗ ಕನ್ನಡ ಮಾಧ್ಯಮದಲ್ಲಿ ಮೂರನೇ ಕ್ಲಾಸು ಮುಗಿಸಿದ್ದಾನೆ. ಓದುತ್ತಾನೆ, ಆದರೆ ತುಂಬಾ ನಿಧಾನ. ಒತ್ತಕ್ಷರ ಬಂದರೆ ಅಲ್ಲೇ ನಿಲ್ಲುತ್ತಾನೆ. ಹೋದ ವರ್ಷ ಜೂನ್‌ನಲ್ಲಿ ಶಾಲೆ ಶುರುವಾದಾಗ ಕಲಿತದ್ದೆಲ್ಲ ಮರೆತಿದ್ದಾನೆ ಅಂತ ಟೀಚರ್ ಹೇಳಿದರು. ಈ ಸಲ ದಿನಾ ಒಂದು ಪುಟ ಓದಿಸಿ, ಒಂದು ಪುಟ ಕಾಪಿ ಬರೆಸೋಣ ಅಂತ ಇದ್ದೇನೆ. ಪುಸ್ತಕ ತೆಗೆದ ಕೂಡಲೇ ಅಳು ಶುರು. ಮಗಳು ಇಂಗ್ಲಿಷ್ ಮೀಡಿಯಂ, ಏಳನೇ ಕ್ಲಾಸು. ಅವಳು ಮೊಬೈಲ್ ಬಿಡುವುದಿಲ್ಲ. ಊರಿನ ಲೈಬ್ರರಿಯಲ್ಲಿ ಮಲಯಾಳಂ ಪುಸ್ತಕಗಳೇ ಜಾಸ್ತಿ. ಏನು ಮಾಡಲಿ?

ಉತ್ತರ: ಮೊದಲು ಕಾಪಿ ಬರೆಸುವ ಯೋಚನೆ ಬಿಟ್ಟುಬಿಡಿ. ಅದರಿಂದ ಕೈಗೆ ನೋವು, ಓದಿಗೆ ಲಾಭ ಬಹಳ ಕಡಿಮೆ. ದಿನಕ್ಕೊಂದು ಪುಟ ಓದಿಸುವ ಯೋಚನೆಯನ್ನೂ ಸ್ವಲ್ಪ ಬದಲಾಯಿಸೋಣ. ನಿಮ್ಮ ಮಗನಿಗೆ ಈ ಎರಡು ತಿಂಗಳು ಬೇಕಾದದ್ದು ಎರಡೇ. ಎಡವದೆ ಓದಿ ಮುಗಿಸಬಹುದಾದ ಸುಲಭದ ಪುಸ್ತಕಗಳು ಬೇಕು. ದಿನಕ್ಕೊಂದು ಸಲ ಪಕ್ಕದಲ್ಲಿ ಕೂತು ಅವನಿಗೆ ಕನ್ನಡದಲ್ಲಿ ಓದಿ ಹೇಳುವವರು ಬೇಕು. ಎರಡನೆಯದು ಮೊದಲನೆಯದಕ್ಕಿಂತ ಮುಖ್ಯ. ಯಾಕೆ ಅಂತ ಹೇಳುತ್ತೇನೆ.

ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಇರುವ ಮಗುವಿಗೆ ರಜೆ ಬಂದರೆ ಓದು ನಿಲ್ಲಬಹುದು, ಆದರೆ ಕನ್ನಡ ಕಿವಿಗೆ ಬೀಳುವುದು ನಿಲ್ಲುವುದಿಲ್ಲ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಟದ ಬಯಲಿನಲ್ಲಿ ಕನ್ನಡವೇ. ಕಾಸರಗೋಡಿನ ಮಗುವಿಗೆ ಹಾಗಲ್ಲ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಮರಾಠಿ. ಪೇಟೆಯಲ್ಲಿ ಮಲಯಾಳಂ. ಟಿವಿಯಲ್ಲಿ ಏನು ಹಾಕುತ್ತಾರೋ ಅದು. ಕನ್ನಡ ಇರುವುದು ಶಾಲೆಯಲ್ಲಿ. ಮಾರ್ಚ್ ಕೊನೆಗೆ ಶಾಲೆಗೆ ಬೀಗ ಬಿದ್ದರೆ ಏಪ್ರಿಲ್, ಮೇ ಎರಡೂ ತಿಂಗಳು ಆ ಮಗುವಿಗೆ ಓದಿನ ಜೊತೆ ಭಾಷೆಯೂ ನಿಂತುಹೋಗುತ್ತದೆ. ತಮಿಳುನಾಡಿನ ತಾಳವಾಡಿಯಲ್ಲಿ, ಆಂಧ್ರದ ಮಡಕಶಿರಾದಲ್ಲಿ, ಮಹಾರಾಷ್ಟ್ರದ ಜತ್ತ ಮತ್ತು ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಗಳಲ್ಲಿ ಕಲಿಯುವ ಎಷ್ಟೋ ಮಕ್ಕಳ ಪಾಡೂ ಇದೇ.

ಓದು ಅಂದರೆ ಎರಡು ಕೆಲಸ ಒಟ್ಟಿಗೆ ಆಗಬೇಕು. ಒಂದು, ಅಕ್ಷರ ಬಿಡಿಸಿ ಪದ ಮಾಡುವುದು. ಇನ್ನೊಂದು, ಆ ಪದ, ಆ ವಾಕ್ಯ ಕೇಳಿದರೆ ಅರ್ಥ ಆಗುವುದು. ನಾವು ಮೊದಲನೆಯದನ್ನೇ ಹಿಡಿದುಕೊಂಡು ಗುದ್ದಾಡುತ್ತೇವೆ. 'ಅವನು ಬೆಟ್ಟವನ್ನು ಹತ್ತತೊಡಗಿದನು' ಎಂಬ ವಾಕ್ಯವನ್ನು ಯಾರ ಬಾಯಿಂದಲೂ ಕೇಳದ ಮಗು ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಬೇಕು. ಮುಂದಿನ ಪದ ಏನಿರಬಹುದು ಅಂತ ಅಂದಾಜು ಮಾಡಲು ಅದಕ್ಕೆ ಆಗುವುದಿಲ್ಲ. ಅದಕ್ಕೇ ನಿಧಾನ, ಅದಕ್ಕೇ ಅಳು.

ಹಾಗಾಗಿ ರಾತ್ರಿ ಊಟ ಆದ ಮೇಲೆ ಹದಿನೈದು ನಿಮಿಷ ನೀವೇ ಓದಿ ಹೇಳಿ. ಅವನು ಸ್ವಂತ ಓದಬಲ್ಲ ಪುಸ್ತಕಕ್ಕಿಂತ ಸ್ವಲ್ಪ ದೊಡ್ಡದೇ ಇರಲಿ. ಕಥೆ ಚೆನ್ನಾಗಿರಬೇಕು, ಅಷ್ಟೆ. ಅವನು ಪಕ್ಕದಲ್ಲಿ ಕೂತು ಪುಟ ನೋಡುವ ಹಾಗಿರಲಿ, ನಿಮ್ಮ ಬೆರಳು ಸಾಲಿನ ಕೆಳಗೆ ಹೋಗುತ್ತಿರಲಿ. ಪ್ರತಿ ಸಾಲನ್ನೂ ತುಳುವಿಗೆ ಅನುವಾದ ಮಾಡುತ್ತಾ ಹೋಗಬೇಡಿ, ಕಥೆಯ ಓಟ ಹೋಗುತ್ತದೆ. ಒಂದೆರಡು ಪುಟ ಓದಿ, ನಿಲ್ಲಿಸಿ, ಆಮೇಲೆ ತುಳುವಿನಲ್ಲೇ ಮಾತಾಡಿ. ಈಗ ಇವನು ಏನು ಮಾಡುತ್ತಾನೆ ಅಂತ ಕಾಣುತ್ತದೆ? ನೀನಾಗಿದ್ದರೆ ಏನು ಮಾಡುತ್ತಿದ್ದೆ? ಮನೆಯಲ್ಲಿ ತುಳು ಮಾತಾಡಿದರೆ ಕನ್ನಡ ಹಾಳಾಗುತ್ತದೆ ಎಂಬ ಭಯ ನಮ್ಮ ಕಡೆ ಬಹಳ ಮಂದಿಗೆ ಇದೆ. ಆ ಭಯ ಬೇಡ. ತನ್ನ ಭಾಷೆಯಲ್ಲಿ ಕಥೆಯ ಬಗ್ಗೆ ಚೆನ್ನಾಗಿ ಮಾತಾಡುವ ಮಗು ಕನ್ನಡದಲ್ಲಿ ಓದಿದ್ದನ್ನೂ ಚೆನ್ನಾಗಿ ಹಿಡಿಯುತ್ತದೆ.

ನಿಮಗೆ ಕನ್ನಡ ಓದುವಾಗ ಅಲ್ಲಲ್ಲಿ ತಡವರಿಸಿದರೂ ಪರವಾಗಿಲ್ಲ. ಅಪ್ಪ, ಅಜ್ಜ, ದೊಡ್ಡಮ್ಮ ಯಾರು ಓದಿದರೂ ಆದೀತು. ಅಜ್ಜಿ ಮನೆಗೆ ಹೋದಾಗ ಅಲ್ಲಿ ಹಲಸಿನ ಹಪ್ಪಳ ಮಾಡುತ್ತಾ ಕೂತವರಿಗೆ ಮಗುವೇ ಓದಿ ಹೇಳಬಹುದು. ಕೇಳುವವರ ಕೈಗೆ ಕೆಲಸ ಇರುತ್ತದೆ, ಯಾರೂ ತಪ್ಪು ಹುಡುಕುತ್ತಾ ಕೂತಿರುವುದಿಲ್ಲ. ಮಗುವಿಗೆ ಅದರಿಂದ ಎಷ್ಟು ಧೈರ್ಯ ಬರುತ್ತದೆ ಅಂತ ನೋಡಿದವರಿಗೇ ಗೊತ್ತು.

ಸುಮ್ನೆ ಪುಸ್ತಕ ತಂದುಕೊಟ್ಟರೆ ಸಾಕೇ ಅಂತ ಕೇಳಬಹುದು. ಅಮೆರಿಕದಲ್ಲಿ ಮೂರರಿಂದ ಐದನೇ ತರಗತಿಯ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಮನೆಗೆ ಪುಸ್ತಕ ಕಳಿಸಿ ನೋಡಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಬರೀ ಪುಸ್ತಕ ಸಿಕ್ಕಿದ ಮಕ್ಕಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ರಜೆಗೆ ಮುಂಚೆ ಟೀಚರು ಹೇಗೆ ಓದಬೇಕು ಅಂತ ಹೇಳಿಕೊಟ್ಟು, ಮನೆಯವರ ಮುಂದೆ ಗಟ್ಟಿಯಾಗಿ ಓದಿ, ಓದಿದ್ದರ ಬಗ್ಗೆ ಮಾತಾಡಿದ ಮಕ್ಕಳು ಮುಂದೆ ಬಂದರು. ಪಕ್ಕದಲ್ಲಿ ಒಬ್ಬರು ಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಇನ್ನು ಮರೆವಿನ ವಿಷಯ. ಟೀಚರ್ ಹೇಳಿದ್ದು ನಿಜವೇ ಇರಬೇಕು. ಕೋವಿಡ್ ಸಮಯದಲ್ಲಿ ಶಾಲೆ ಮುಚ್ಚಿದ್ದಾಗ, 2021ರ ಜನವರಿಯಲ್ಲಿ, ಅಜೀಂ ಪ್ರೇಮ್‌ಜಿ ಫೌಂಡೇಶನ್ ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ 16 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿತ್ತು. ಎರಡರಿಂದ ಆರನೇ ತರಗತಿಯ ಮಕ್ಕಳಲ್ಲಿ ಶೇ. 92 ಮಂದಿ ಹಿಂದಿನ ವರ್ಷ ಗೊತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯ ಕಳೆದುಕೊಂಡಿದ್ದರು. ಅದು ಬಹಳ ಉದ್ದದ ರಜೆ, ಎರಡು ತಿಂಗಳಿಗೆ ಅಷ್ಟೆಲ್ಲ ಆಗುವುದಿಲ್ಲ. ಆದರೂ ಬಳಸದ ಓದು ಜಾರುತ್ತದೆ ಎಂಬುದು ಖಂಡಿತ. ಜಾರಿದ್ದು ಬೇಗ ವಾಪಸ್ ಬರುತ್ತದೆ ಎಂಬುದೂ ಅಷ್ಟೇ ನಿಜ. ಹೋದ ವರ್ಷ ಎಲ್ಲಾ ಮರೆತವನು ಈಗ ಓದುತ್ತಿದ್ದಾನೆ ಅಂತ ನೀವೇ ಬರೆದಿದ್ದೀರಿ, ಅಲ್ವಾ?

ಜಾರುವುದರಲ್ಲಿ ಒತ್ತಕ್ಷರವೇ ಮೊದಲು. ಕನ್ನಡದಲ್ಲಿ ವರ್ಣಮಾಲೆಯ 49 ಅಕ್ಷರ ಕಲಿತರೆ ಓದು ಬರುವುದಿಲ್ಲ. ಕಾಗುಣಿತ ಸೇರಿದರೆ ನಾನೂರಕ್ಕೂ ಜಾಸ್ತಿ ರೂಪಗಳು. ಅದರ ಕೆಳಗೆ ಒತ್ತುಗಳು. ಮಕ್ಕಳು ಇದನ್ನು ಕಲಿಯುತ್ತಾ ನಾಲ್ಕನೇ, ಐದನೇ ತರಗತಿಗೆ ಬಂದಿರುತ್ತಾರೆ. ಹಾಗಾಗಿ ಮೂರನೇ ಕ್ಲಾಸು ಮುಗಿಸಿದ ಹುಡುಗ ಒತ್ತಕ್ಷರಕ್ಕೆ ನಿಲ್ಲುತ್ತಾನೆ ಅಂದರೆ ಗಾಬರಿ ಬೇಡ. ಅವನು ದಾರಿಯಲ್ಲೇ ಇದ್ದಾನೆ.

ಇದಕ್ಕೆ ನಮ್ಮ ಊರಿನ ಹೆಸರುಗಳಷ್ಟು ಒಳ್ಳೆಯ ಪಾಠ ನಾನು ಬೇರೆ ಕಂಡಿಲ್ಲ. ಬದಿಯಡ್ಕ, ಪೆರ್ಲ, ನೀರ್ಚಾಲು, ಮುಳ್ಳೇರಿಯ, ಉಪ್ಪಳ, ಪುತ್ತಿಗೆ, ಬೆಳ್ಳೂರು, ಕಾರಡ್ಕ, ಎಣ್ಮಕಜೆ, ಕುಂಬ್ಡಾಜೆ, ವರ್ಕಾಡಿ, ಮಂಜೇಶ್ವರ. ಎಲ್ಲದರಲ್ಲೂ ಒತ್ತು ಇದೆ, ಎಲ್ಲವೂ ಮಗುವಿಗೆ ಬಾಯಲ್ಲಿ ಗೊತ್ತಿರುವ ಹೆಸರು. ಗೊತ್ತಿರುವ ಪದ ಆದ್ದರಿಂದ ತಪ್ಪು ಓದಿದರೆ ಅವನಿಗೇ ತಿಳಿಯುತ್ತದೆ, ನೀವು ಹೇಳಬೇಕಾಗಿಲ್ಲ.

ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಮೂಲ ಅಕ್ಷರದ ಹಾಗೇ ಕಾಣುವ ಒತ್ತುಗಳು. ಬದಿಯಡ್ಕದಲ್ಲಿ ಡ ಕೆಳಗೆ ಕುಳಿತಿರುವುದು ತಲೆಕಟ್ಟಿಲ್ಲದ ಸಣ್ಣ ಕ. ಬೆಳ್ಳೂರಿನಲ್ಲಿ ಳ ಕೆಳಗೆ ಇನ್ನೊಂದು ಳ. ಉಪ್ಪಳವೂ ಹಾಗೇ. ಇವು ಮಕ್ಕಳಿಗೆ ಬೇಗ ಹಿಡಿಯುತ್ತವೆ. ಆಮೇಲೆ ಆಕಾರವೇ ಬದಲಾಗುವ ಒತ್ತುಗಳು: ತ, ನ, ಮ, ಯ, ರ, ಲ. ಎಣ್ಮಕಜೆಯ ಣ ಕೆಳಗಿರುವುದು ಮ ಅಂತ ನೋಡಿ ಹೇಳಲು ಸಾಧ್ಯವೇ ಇಲ್ಲ, ಯಾರಾದರೂ ಹೇಳಿಕೊಡಲೇಬೇಕು. ಪುತ್ತಿಗೆಯ ತ ಒತ್ತೂ ಅಷ್ಟೆ. ನಿಮ್ಮ ಮಗ ನಿಲ್ಲುವುದು ಹೆಚ್ಚಾಗಿ ಇವುಗಳಲ್ಲೇ ಇರಬೇಕು, ಗಮನಿಸಿ ನೋಡಿ. ಇಂಥವು ಇಷ್ಟೇ ಇರುವುದು ಅಂತ ತಿಳಿದರೆ ಅವನಿಗೂ ಅರ್ಧ ಭಾರ ಇಳಿಯುತ್ತದೆ. ಮೂರು ನಾಲ್ಕು ದಿನಕ್ಕೆ ಒಂದು ಆಕಾರ ಸಾಕು. ಆ ದಿನಗಳಲ್ಲಿ ಪೇಪರಿನ ದೊಡ್ಡ ಅಕ್ಷರದ ಸಾಲುಗಳಲ್ಲಿ ಅದೇ ಒತ್ತನ್ನು ಹುಡುಕಿ ಸುತ್ತು ಹಾಕಲಿ. ಲ ಒತ್ತಿಗೆ ಜಿಲ್ಲೆ, ಯ ಒತ್ತಿಗೆ ರಾಜ್ಯ, ರ ಒತ್ತಿಗೆ ಕ್ರಿಕೆಟ್, ನ ಒತ್ತಿಗೆ ಕನ್ನಡ. ಎಲ್ಲಾ ದಿನಾ ಸಿಗುವ ಪದಗಳೇ.

ಅರ್ಕಾವೊತ್ತು ಕೊನೆಗೆ ಇರಲಿ. ಪೆರ್ಲ ಅನ್ನುವಾಗ ಕಿವಿಗೆ ರ್ ಮೊದಲು ಕೇಳುತ್ತದೆ, ಲ ಆಮೇಲೆ. ಬರಹದಲ್ಲಿ ಲ ಮೊದಲು, ಅರ್ಕಾವೊತ್ತು ಅದರ ಬಲಕ್ಕೆ. ಕಣ್ಣಿಗೆ ಕಂಡ ಕ್ರಮದಲ್ಲಿ ಓದುವ ಮಗು 'ಪೆಲರ್' ಅನ್ನುತ್ತದೆ. ಅದು ದಡ್ಡತನ ಅಲ್ಲವೇ ಅಲ್ಲ, ಎಡದಿಂದ ಬಲಕ್ಕೆ ಓದು ಅಂತ ನಾವು ಕಲಿಸಿದ್ದನ್ನೇ ಅದು ಪಾಲಿಸುತ್ತಿದೆ. ಪೆರ್ಲ, ವರ್ಕಾಡಿ, ನೀರ್ಚಾಲು ಮೂರನ್ನೂ ಒಂದರ ಕೆಳಗೊಂದು ಬರೆದು, ನೀವು ನಿಧಾನವಾಗಿ ಹೇಳುತ್ತಾ, ಧ್ವನಿ ಬಂದ ಕ್ರಮದಲ್ಲಿ ಬೆರಳು ಇಡಿ. ರ್ ಅನ್ನುವಾಗ ಬೆರಳು ಬಲಕ್ಕೆ ಹಾರಿ ಮತ್ತೆ ಹಿಂದೆ ಬರುತ್ತದೆ. ಆ ಹಾರಾಟವನ್ನು ಅವನ ಬೆರಳೂ ಮಾಡಲಿ.

ಬಸ್ಸಿನಲ್ಲಿ ಹೋಗುವಾಗ ಇದನ್ನೇ ಆಟ ಮಾಡಿ. ನಮ್ಮ ಕಡೆಯ ಬೋರ್ಡುಗಳಲ್ಲಿ ಮಲಯಾಳಂ, ಕನ್ನಡ ಎರಡೂ ಸಿಗುತ್ತವೆ. ಮಲಯಾಳಂ ಓದಲು ಬಂದರೆ ಅದನ್ನೂ ಓದಲಿ. ಅಕ್ಷರ ಬೇರೆ, ಆದರೆ ಕಾಗುಣಿತದ ಲೆಕ್ಕಾಚಾರ ಎರಡಕ್ಕೂ ಒಂದೇ. ಏಪ್ರಿಲ್, ಮೇ ತಿಂಗಳಲ್ಲಿ ಮನೆಗೆ ಬರುವ ಮದುವೆ ಕಾಗದ, ಜಾತ್ರೆ, ಕೋಲ, ಬ್ರಹ್ಮಕಲಶದ ಆಮಂತ್ರಣಗಳನ್ನೂ ಎಸೆಯಬೇಡಿ. ಎಷ್ಟು ಗಂಟೆಗೆ ಊಟ, ಯಾವ ಮೇಳದ ಆಟ, ಮದುಮಗಳ ಊರು ಯಾವುದು ಅಂತ ಅವನೇ ಓದಿ ಹೇಳಲಿ. ನಿಜವಾಗಿ ತಿಳಿದುಕೊಳ್ಳಬೇಕಾದ ವಿಷಯ ಇದ್ದಾಗ ಮಗು ಕಷ್ಟದ ಪದವನ್ನೂ ಬಿಡದೆ ಓದುತ್ತದೆ.

ಆಟ ಅಂದ ಮೇಲೆ ಯಕ್ಷಗಾನದ ಮಾತು ಹೇಳಲೇಬೇಕು. ತುಳು ತಿಂಗಳು ಬೇಶದ ಹತ್ತನೇ ದಿನವಾದ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ, ಅಂದರೆ ಮೇ ಕೊನೆಯ ವಾರದವರೆಗೂ ಎಲ್ಲಾದರೂ ಒಂದು ಬಯಲಾಟ ಇದ್ದೇ ಇರುತ್ತದೆ. ಮನೆಯಲ್ಲಿ ತುಳು ಮಾತಾಡುವ ಮಗು ಒಳ್ಳೆಯ ಕನ್ನಡವನ್ನು ಗಂಟೆಗಟ್ಟಲೆ, ಮೈಮರೆತು ಕೇಳುವ ಜಾಗ ನಮ್ಮಲ್ಲಿ ಅದೊಂದೇ. ಪೂರ್ತಿ ರಾತ್ರಿ ಬೇಡ, ಒಂದೆರಡು ಗಂಟೆ ಕರೆದುಕೊಂಡು ಹೋಗಿ. ಮರುದಿನ ಅದೇ ಪ್ರಸಂಗದ ಕಥೆ ಇರುವ ಮಕ್ಕಳ ಪುಸ್ತಕ ಕೈಗೆ ಕೊಡಿ. ಅಭಿಮನ್ಯು, ಬಬ್ರುವಾಹನ, ಸುಧನ್ವ ಯಾರದ್ದಾದರೂ ಸರಿ. ಕಥೆ ಮೊದಲೇ ಗೊತ್ತಿರುವುದರಿಂದ ಓದು ಎಷ್ಟೋ ಹಗುರ ಆಗುತ್ತದೆ.

ಅವನು ಸ್ವಂತ ಓದುವಾಗ ನೀವು ಹೇಗಿರಬೇಕು ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅಳು ಹುಟ್ಟುವುದು ಇಲ್ಲೇ. ಪದಕ್ಕೆ ನಿಂತರೆ ಮನಸ್ಸಿನಲ್ಲೇ ಐದು ಎಣಿಸಿ, ಸುಮ್ಮನಿರಿ. ಬರಲಿಲ್ಲವಾದರೆ ಪದವನ್ನು ಹೇಳಿಕೊಟ್ಟು ಮುಂದೆ ಹೋಗಲು ಬಿಡಿ. 'ಮೊನ್ನೆ ಓದಿದ್ದೆಯಲ್ಲ, ಇವತ್ತು ಯಾಕೆ ಬರುವುದಿಲ್ಲ' ಅನ್ನುವ ಮಾತು ಬೇಡವೇ ಬೇಡ. ತಪ್ಪು ಓದಿದರೂ ಅರ್ಥ ಕೆಡದಿದ್ದರೆ ತಡೆಯಬೇಡಿ. ವಾಕ್ಯ ಮುಗಿಯಲಿ, ಅವನೇ ತಿದ್ದಿಕೊಂಡರೆ ಅದನ್ನು ಬಾಯಿ ತುಂಬಾ ಹೊಗಳಿ. ಸಣ್ಣ ಪುಸ್ತಕದ ಒಂದು ಪುಟದಲ್ಲಿ ಮೂರು ನಾಲ್ಕು ಕಡೆ ನಿಂತರೆ ಆ ಪುಸ್ತಕ ಅವನಿಗೆ ಈಗ ಕಷ್ಟ. ಪಕ್ಕಕ್ಕಿಡಿ, ಅಥವಾ ನೀವು ಓದಿ ಹೇಳಿ. ಓದಿದ ಪುಸ್ತಕವನ್ನೇ ಮತ್ತೆ ಮತ್ತೆ ಓದಿದರೆ ಸಂತೋಷಪಡಿ. ನಾಲ್ಕನೇ ಸಲ ಓದುವಾಗ ಅವನ ಧ್ವನಿಯಲ್ಲಿ ಏರಿಳಿತ ಬಂದಿರುತ್ತದೆ. ಆ ವೇಗವೇ ಮುಂದಿನ ಹೊಸ ಪುಸ್ತಕಕ್ಕೂ ಬರುವುದು.

ಸುಲಭದ ಪುಸ್ತಕಕ್ಕೆ ಮೊದಲು ಮನೆಯಲ್ಲೇ ಹುಡುಕಿ. ಒಂದನೇ, ಎರಡನೇ ಕ್ಲಾಸಿನ ಅವನದೇ ಹಳೇ ಪಾಠಪುಸ್ತಕ ಎಲ್ಲಾದರೂ ಇದ್ದೀತು. ಈಗ ಅದನ್ನು ಸಲೀಸಾಗಿ ಓದುತ್ತಾನೆ, 'ನನಗೆ ಬರುತ್ತದೆ' ಅನ್ನಿಸುತ್ತದೆ. ಶಾಲೆಯ ಲೈಬ್ರರಿಯಿಂದ ರಜೆಗೆ ಒಂದಿಷ್ಟು ಪುಸ್ತಕ ಕೊಡಿ ಅಂತ ಟೀಚರನ್ನು ಕೇಳಿ. ಕಪಾಟಿನಲ್ಲಿ ಎರಡು ತಿಂಗಳು ಧೂಳು ಹಿಡಿಯುವ ಬದಲು ಮಕ್ಕಳ ಕೈಯಲ್ಲಿ ಕೊಳೆಯಾಗಲಿ ಅನ್ನುವವನು ನಾನು. ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು ಪ್ರಥಮ್ ಬುಕ್ಸ್‌ನ ಕನ್ನಡ ಪುಸ್ತಕಗಳ ಬೆಲೆ ಕಡಿಮೆ, ಚಿತ್ರಗಳೂ ಚೆನ್ನ. ಮಂಗಳೂರಿಗೋ ಪುತ್ತೂರಿಗೋ ಹೋದಾಗ ಅವನನ್ನೂ ಅಂಗಡಿಗೆ ಕರೆದುಕೊಂಡು ಹೋಗಿ, ಆರಿಸುವುದು ಅವನಿಗೇ ಬಿಡಿ. ನಿಮಗೆ ಇಷ್ಟವಾಗದ ಪುಸ್ತಕ ಆರಿಸಿದರೂ ಬೇಡ ಅನ್ನಬೇಡಿ.

ಮೊಬೈಲ್ ಇದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ಜಾಲತಾಣ ಇದೆ. 2015ರಲ್ಲಿ ಶುರುವಾದದ್ದು, ದುಡ್ಡು ಕೊಡಬೇಕಾಗಿಲ್ಲ. ಕನ್ನಡದಲ್ಲಿ ರಾಶಿ ಚಿತ್ರಕಥೆಗಳಿವೆ. ಒಂದರಿಂದ ನಾಲ್ಕರವರೆಗೆ ಹಂತ ಮಾಡಿದ್ದಾರೆ. ನಿಮ್ಮ ಮಗ ಸ್ವಂತ ಓದಲು ಒಂದನೇ ಹಂತ, ನೀವು ಓದಿ ಹೇಳಲು ಮೂರನೇ ಹಂತ ತೆಗೆದುಕೊಳ್ಳಿ. ಡೌನ್‌ಲೋಡ್ ಮಾಡಿಟ್ಟರೆ ನೆಟ್‌ವರ್ಕ್ ಇಲ್ಲದ ಗುಡ್ಡದ ಮನೆಯಲ್ಲೂ ಓದಬಹುದು. ಸಾಧ್ಯವಾದರೆ ಒಂದೆರಡನ್ನು ಪ್ರಿಂಟ್ ಹಾಕಿಸಿ. ಫೋನಿನಲ್ಲಿ ಓದುವಾಗ ಮಗುವಿನ ಬೆರಳು ಬೇರೆ ಕಡೆ ಹೋಗಲು ಹೆಚ್ಚು ಹೊತ್ತು ಬೇಡ.

ಮಗಳಿಗೆ ಮೊಬೈಲ್ ಬಿಡು ಅಂತ ಹೇಳುವುದಕ್ಕಿಂತ ಒಂದು ಕೆಲಸ ವಹಿಸಿ: ತಮ್ಮನಿಗೆ ದಿನಾ ಒಂದು ಕಥೆ ಓದಿ ಹೇಳುವುದು. ಏಳನೇ ಕ್ಲಾಸಿನ ಇಂಗ್ಲಿಷ್ ಮೀಡಿಯಂ ಹುಡುಗಿಯ ಕನ್ನಡ ಓದು ಬಹುಶಃ ನೀವಂದುಕೊಂಡಷ್ಟು ಗಟ್ಟಿ ಇರಲಿಕ್ಕಿಲ್ಲ. ಆ ವಯಸ್ಸಿನವರು ಪುಟ್ಟ ಮಕ್ಕಳ ಪುಸ್ತಕ ಹಿಡಿಯಲು ನಾಚುತ್ತಾರೆ. ತಮ್ಮನಿಗೋಸ್ಕರ ಅಂದರೆ ಆ ನಾಚಿಕೆ ಇಲ್ಲ. ಅವಳಿಗೆ ಸುಲಭದ ಕನ್ನಡ ಓದಿ ರೂಢಿಯಾಗುತ್ತದೆ, ಅವನಿಗೆ ಕಥೆ ಸಿಗುತ್ತದೆ. ತಮ್ಮನನ್ನು ನಗಿಸಬೇಕು ಅಂತ ಅವಳು ಮೊದಲೇ ಒಂದು ಸಲ ಓದಿಟ್ಟುಕೊಂಡರಂತೂ ಇನ್ನೂ ಒಳ್ಳೆಯದು. ಅವಳದ್ದೇ ಓದಿಗೆ ಅವಳಿಗೆ ಏನು ಇಷ್ಟವೋ ಅದು ಇರಲಿ, ಇಂಗ್ಲಿಷ್ ಆದರೂ ಮಲಯಾಳಂ ಆದರೂ.

ಲೈಬ್ರರಿಯನ್ನು ಕೈಬಿಡಬೇಡಿ. ಕಾಸರಗೋಡು ಕೇರಳದಲ್ಲಿರುವುದರಿಂದ ನಮಗೆ ಸಿಕ್ಕ ದೊಡ್ಡ ಸೌಲಭ್ಯ ಅದು. ಪಿ.ಎನ್. ಪಣಿಕ್ಕರ್ 1945ರಲ್ಲಿ ಶುರು ಮಾಡಿದ ಗ್ರಂಥಾಲಯ ಸಂಘ ಬೆಳೆದು ಇವತ್ತು ಊರೂರಲ್ಲಿ ಲೈಬ್ರರಿ ಇದೆ. ಇವುಗಳಿಗೆ ರಾಜ್ಯ ಲೈಬ್ರರಿ ಕೌನ್ಸಿಲ್‌ನಿಂದ ಪುಸ್ತಕ ಕೊಳ್ಳಲು ಗ್ರಾಂಟ್ ಬರುತ್ತದೆ. ಯಾವ ಪುಸ್ತಕ ಎಂಬುದನ್ನು ಊರಿನ ಸಮಿತಿಯವರೇ ತೀರ್ಮಾನಿಸುತ್ತಾರೆ. ಕನ್ನಡ ಮಕ್ಕಳ ಪುಸ್ತಕ ಕಡಿಮೆ ಇದ್ದರೆ ಕೇಳುವವರು ಕಡಿಮೆ ಅಂತಲೇ ಅರ್ಥ. ನೀವು, ಅಕ್ಕಪಕ್ಕದ ನಾಲ್ಕೈದು ತಾಯಂದಿರು ಸೇರಿ ಹೋಗಿ. ಮಕ್ಕಳ ಹೆಸರಲ್ಲಿ ಸದಸ್ಯತ್ವ ಮಾಡಿಸಿ, ಬೇಕಾದ ಪುಸ್ತಕಗಳ ಪಟ್ಟಿ ಬರೆದು ಕೊಡಿ. ಎಷ್ಟೋ ಲೈಬ್ರರಿಗಳಲ್ಲಿ ಮಕ್ಕಳಿಗೆ ಬಾಲವೇದಿ ಎಂಬ ಕೂಟ ಇದೆ. ರಜೆಯಲ್ಲಿ ವಾರಕ್ಕೊಂದು ಸಂಜೆ ಕನ್ನಡ ಕಥೆಗೆ ಮೀಸಲಿಡಿ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಇದು ಈ ರಜೆಗೇ ಆಗದಿದ್ದರೂ ಮುಂದಿನ ವರ್ಷದ ಮಕ್ಕಳಿಗೆ ಆಗುತ್ತದೆ. ಈ ಮಾತು ನಾನು ಬಹಳ ಆಸೆಯಿಂದ ಬರೆಯುತ್ತಿದ್ದೇನೆ, ದಯವಿಟ್ಟು ಒಮ್ಮೆ ಹೋಗಿ ಕೇಳಿ.

ದಿನಕ್ಕೆ ಎಷ್ಟು ಹೊತ್ತು ಅಂತ ಗಡಿಯಾರ ಇಡಬೇಡಿ. ಬೆಳಿಗ್ಗೆ ಗೇರುಬೀಜ ಹೆಕ್ಕಲು ಹೋಗಲಿ, ತೋಡಿನಲ್ಲಿ ಆಡಲಿ. ಮಧ್ಯಾಹ್ನದ ಸೆಖೆಗೆ ಹೊರಗೆ ಹೋಗಲಾಗದ ಹೊತ್ತು ಇದೆಯಲ್ಲ, ಆಗ ಹತ್ತು ನಿಮಿಷ ಅವನ ಓದು. ರಾತ್ರಿ ನಿಮ್ಮ ಓದು. ಮದುವೆ, ಬಿಸು, ನೆಂಟರು ಅಂತ ನಾಲ್ಕು ದಿನ ತಪ್ಪಿದರೆ ತಪ್ಪಲಿ. ಬಾಕಿ ತೀರಿಸಲು ಹೋಗಬೇಡಿ. ಹಣ, ಚಾಕಲೇಟಿನ ಆಸೆ ತೋರಿಸುವುದೂ ಬೇಡ. ಕೊಡಲೇಬೇಕು ಅನ್ನಿಸಿದರೆ ಇನ್ನೊಂದು ಪುಸ್ತಕ ಕೊಡಿ.

ಒಂದು ಕಡೆ ಮಾತ್ರ ಎಚ್ಚರ ಇರಲಿ. ಒತ್ತಿಲ್ಲದ ಸುಲಭದ ಪದಗಳಲ್ಲೂ, ಮರ, ಗಿಡ, ಹಸು ಅಂಥವುಗಳಲ್ಲೂ ಅವನು ದಿನಾ ತಡವರಿಸಿದರೆ, ಪುಸ್ತಕವನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದರೆ, ಓದುವಾಗ ತಲೆನೋವು ಅಂದರೆ, ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ. ಕಣ್ಣು ಸರಿ ಇದ್ದು, ಎರಡು ತಿಂಗಳು ಹೀಗೆಲ್ಲ ಮಾಡಿದ ಮೇಲೂ ಸುಲಭದ ಪದ ಕೂಡುವುದಿಲ್ಲ ಅಂತಾದರೆ ಜೂನ್ ಮೊದಲ ವಾರವೇ ಟೀಚರಲ್ಲಿ ಮಾತಾಡಿ. ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ (ಬಿ.ಆರ್.ಸಿ.) ಇಂಥ ಮಕ್ಕಳಿಗೆಂದೇ ತರಬೇತಾದ ಟೀಚರು ಇರುತ್ತಾರೆ, ಶಾಲೆಯ ಮೂಲಕ ಅವರನ್ನು ಕಾಣಬಹುದು. ಹಾಗಿಲ್ಲದೆ ಬರೀ ಒತ್ತಕ್ಷರಕ್ಕೆ ನಿಲ್ಲುವುದಾದರೆ ಟೀಚರಿಗೆ ಇಷ್ಟು ಹೇಳಿ ಸಾಕು: ರಜೆಯಲ್ಲಿ ಅವನು ಓದಿದ ಪುಸ್ತಕಗಳು ಇವು, ಜೂನ್ 19ರ ವಾಚನಾ ದಿನಕ್ಕೆ ಇದರಲ್ಲಿ ಒಂದನ್ನು ಕ್ಲಾಸಿನಲ್ಲಿ ಓದಲು ಅವನಿಗೂ ಒಂದು ಅವಕಾಶ ಕೊಡಿ.